ಕಿರುಬೆರಳಿನಷ್ಟು ಸಡಿಲ

ಅಕ್ಕ ತೀರಿಕೊಂಡು ಎರಡು ತಿಂಗಳಾಯಿತು. ಬರುವವರೆಲ್ಲ ಬಂದುಹೋದರು. ಅವಳ ವಿಷಯ ಹೇಳಬೇಕಾದವರೆಲ್ಲ ಹೇಳಿ ಮುಗಿಸಿದರು. ಅವಳ ಕೈರುಚಿ, ಅವಳ ಗಟ್ಟಿತನ, ಗಂಡ ಹೋದಮೇಲೆ ಮಕ್ಕಳನ್ನು ದಡ ಹತ್ತಿಸಿದ್ದು, ಎಲ್ಲ ಬಂತು. ಕೋಳಿಮರಿಗಳ ಮಾತು ಬರಲಿಲ್ಲ. ಅದು ಗೊತ್ತಿದ್ದವರಲ್ಲಿ ಈಗ ಉಳಿದವಳು ನಾನೊಬ್ಬಳೇ. ಹಾಗಾಗಿ ಬರೆಯುತ್ತಿದ್ದೇನೆ.

ಗಾಜಿಪುರದಲ್ಲಿ ನಮ್ಮ ಮನೆಗೂ ನಾವು ಚಿಕ್ಕಮ್ಮನೆಂಬಂತೆ ಖಾಲಾ ಎನ್ನುತ್ತಿದ್ದ ಮಸ್ತಾನಬಿಯ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಅದರಲ್ಲಿ ಎದೆಮಟ್ಟಕ್ಕೆ ಒಂದು ಕಿಂಡಿ. ಕಟ್ಟುವಾಗಲೇ ಬಿಟ್ಟದ್ದೋ, ಆಮೇಲೆ ಕಲ್ಲು ಬಿದ್ದು ಆದದ್ದೋ ಗೊತ್ತಿಲ್ಲ. ನಮ್ಮ ಕಡೆಯಿಂದ ಹುಣಸೆಹಣ್ಣು, ಬೆಲ್ಲ, ಒಲೆ ಹೊತ್ತಿಸಲು ಕೆಂಡ ಹೋಗುತ್ತಿದ್ದವು. ಆ ಕಡೆಯಿಂದ ಕರಿಬೇವು, ಮೆಹಂದಿ ಸೊಪ್ಪು, ಈದ್ ಹಬ್ಬದ ದಿನ ಒಣ ಶಾವಿಗೆ ಮತ್ತು ಸಕ್ಕರೆ ಬರುತ್ತಿದ್ದವು. ಬೇಯಿಸಿದ್ದು ಯಾವುದೂ ಆ ಕಿಂಡಿ ದಾಟುತ್ತಿರಲಿಲ್ಲ. ಇದನ್ನು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಆದರೂ ನನಗೆ ಬುದ್ಧಿ ಬರುವ ಹೊತ್ತಿಗೆ ಅದು ಗೊತ್ತಿತ್ತು. ಖಾಲಾ ಸೂಲಗಿತ್ತಿ. ಅಕ್ಕನನ್ನೂ ನನ್ನನ್ನೂ ಮೊದಲು ಎತ್ತಿದ ಕೈ ಅವಳದೇ. ನಾನು ಹುಟ್ಟಿದಾಗ ಅವ್ವನಿಗೆ ಜ್ವರ ಏರಿ ಹನ್ನೆರಡು ದಿನ ಎಚ್ಚರವಿರಲಿಲ್ಲವಂತೆ. ಖಾಲಾ ಅಷ್ಟೂ ದಿನ ನಮ್ಮ ನಡುಮನೆಯಲ್ಲಿ ತೊಟ್ಟಿಲ ಹತ್ತಿರವೇ ಮಲಗಿದ್ದಳಂತೆ. ಹೀಗಾಗಿ ಖಾಲಾ ಏನು ಕೇಳಿದರೂ ಅವ್ವನಿಗೆ ಇಲ್ಲ ಎನ್ನಲು ಬಾಯಿ ಬರುತ್ತಿರಲಿಲ್ಲ.

ಅಪ್ಪನದು ಜಗತ್ ಓಣಿಯ ಹತ್ತಿರ ದಾರದ ಅಂಗಡಿ. ಹೊಲಿಗೆಯ ನೂಲು, ಸೂಜಿ, ಗುಂಡಿ, ಉಡದಾರ, ಶಿವದಾರ. ಶಿವದಾರವನ್ನು ಮಾತ್ರ ಹೊರಗಿನಿಂದ ತರಿಸುತ್ತಿರಲಿಲ್ಲ. ಸಂಜೆ ದೀಪ ಹಚ್ಚುವ ಮುಂಚೆ ಪಡಸಾಲೆಯಲ್ಲಿ ಕೂತು ನಾವಿಬ್ಬರೂ ಹೊಸೆಯುತ್ತಿದ್ದೆವು. ಅಕ್ಕ ತೊಡೆಯ ಮೇಲೆ ಹುರಿ ಮಾಡುತ್ತಿದ್ದಳು, ನಾನು ಇನ್ನೊಂದು ತುದಿ ಕಾಲ್ಬೆರಳಲ್ಲಿ ಹಿಡಿದುಕೊಳ್ಳುತ್ತಿದ್ದೆ. ನಮ್ಮವರಲ್ಲಿ ಕೂಸು ಹುಟ್ಟಿದ ಕೆಲವೇ ದಿನಗಳಲ್ಲಿ ಅಯ್ಯನವರು ಬಂದು ಲಿಂಗ ಕಟ್ಟುತ್ತಾರೆ. ಅಂಥ ದಾರಕ್ಕೆ ಯಾರಾದರೂ ಬಂದರೆ ಅಪ್ಪ ಗಂಟು ಹಾಕುವುದನ್ನು ತಾನೇ ತೋರಿಸುತ್ತಿದ್ದ. ಕೊರಳಿಗೂ ದಾರಕ್ಕೂ ನಡುವೆ ತನ್ನ ಕಿರುಬೆರಳು ತೂರಿಸಿ ಹೇಳುತ್ತಿದ್ದ ಮಾತು ನನಗೆ ಬಾಯಿಪಾಠವಾಗಿತ್ತು.

“ಇಷ್ಟು ಸಡ್ಲ ಇರಬೇಕು. ಕೂಸು ಬೆಳೀತದ, ದಾರ ಬೆಳಿಯಂಗಿಲ್ಲ.”

ನನಗೆ ಎಂಟು ವರ್ಷ, ಅಕ್ಕ ಶರಣಮ್ಮನಿಗೆ ಹನ್ನೊಂದು ಇದ್ದಾಗ, ಸಂಕ್ರಾಂತಿ ಕಳೆದ ಮೇಲೆ, ಖಾಲಾನ ಕೆಂಪು ಹೇಂಟೆ ಹದಿಮೂರು ಮರಿ ಮಾಡಿತು. ಕಾವಿಗೆ ಕೂರಿಸುವಾಗ ಖಾಲಾ ಬುಟ್ಟಿಯಲ್ಲಿ ಬೂದಿಯ ಮೇಲೆ ಮೊಟ್ಟೆ ಇಟ್ಟು, ಗುಡುಗಿಗೆ ಕೆಡಬಾರದೆಂದು ಒಂದು ಕಬ್ಬಿಣದ ಮೊಳೆ, ಎರಡು ಒಣಮೆಣಸಿನಕಾಯಿ ಹಾಕಿದ್ದನ್ನು ಕಿಂಡಿಯಿಂದ ನೋಡಿದ್ದೆವು. ಮೋಡವೇ ಇಲ್ಲದ ದಿನಗಳು ಅವು. ಗುಡುಗು ಬರಲಿಲ್ಲ, ಬೆಕ್ಕು ಬಂತು. ಮರಿಗಳಿಗೆ ಐದು ದಿನವಾದಾಗ ತಾಯಿಯನ್ನು ಕಚ್ಚಿಕೊಂಡು ಹೋಯಿತು. ಹೊತ್ತಲ್ಲದ ಹೊತ್ತಿನಲ್ಲಿ ಹೆರಿಗೆಗೆ ಕರೆ ಬಂದರೆ ಎದ್ದು ಹೋಗಬೇಕಾದ ಖಾಲಾನಿಗೆ ತಾಯಿಯಿಲ್ಲದ ಮರಿಗಳನ್ನು ಸಾಕುವುದು ಆಗುವಂತಿರಲಿಲ್ಲ. ನಾವು ಆಗ ಜೋಳದ ಸುಗ್ಗಿಗೆಂದು ಕಮಲಾಪುರಕ್ಕೆ, ಅವ್ವನ ತವರಿಗೆ ಹೊರಟಿದ್ದೆವು. ಖಾಲಾನ ಮಗಳು ಜುಲೇಖಾಳನ್ನು ಕೊಟ್ಟದ್ದೂ ಅದೇ ಊರಿಗೆ. ಅವಳು ಆಗ ನಾಲ್ಕು ತಿಂಗಳ ಬಸುರಿ.

“ನೀಲಮ್ಮಾ, ಕಮಲಾಪುರಕ್ಕ ಹೊಂಟೀದಿ ಅಲ್ಲ? ನನ್ನ ಜುಲೇಖಾಗ ಇವು ಒಯ್ದು ಮುಟ್ಟಸ್ತೀ ಏನು?” ಎಂದು ಖಾಲಾ ಕಿಂಡಿಯಲ್ಲಿ ಬುಟ್ಟಿ ತೋರಿಸಿದಳು.

ಅವ್ವ ಒಂದು ಹೆಜ್ಜೆ ಹಿಂದೆ ಸರಿದಳು.

“ನಿನಗ ಮುಟ್ಟು ಅನ್ನಂಗಿಲ್ಲವಾ. ಪೋರಿಗೋಳು ಹಿಡ್ಕೋತಾವ. ನನ್ನ ಮಗಳ ಬಾಣಂತನದ ಹೊತ್ತಿಗಿ ಬೆಳದು ತಯಾರ ಆಗ್ತಾವ. ಮತ್ತ ನೋಡು, ಇದು ಅಮಾನತ್. ಹದಿಮೂರು ಎಣಿಸಿ ಕೊಡಾಕತ್ತೀನಿ, ಹದಿಮೂರು ಎಣಿಸಿ ಮುಟ್ಟಸಬೇಕು.”

“ಮುಟ್ಟಸ್ತೀನಿ, ಮಸ್ತಾನಬಿ,” ಎಂದಳು ಅವ್ವ. ಒಬ್ಬರು ನಂಬಿ ಕೈಯಲ್ಲಿಟ್ಟದ್ದಕ್ಕೆ ನಮ್ಮ ಕಡೆ ಎಲ್ಲರೂ ಹೇಳುತ್ತಿದ್ದ ಮಾತು ಅಮಾನತ್. ಆ ಮಾತು ಬಂದಮೇಲೆ ಕೋಳಿಯೋ ಬಂಗಾರವೋ ಎಂಬ ವ್ಯತ್ಯಾಸ ಉಳಿಯುತ್ತಿರಲಿಲ್ಲ.

ಬೆಳಗಿನ ಜಾವ ಗಾಡಿ ಕಟ್ಟಿದರೆ ಕಮಲಾಪುರ ಮುಟ್ಟಲು ಸಂಜೆಯಾಗುತ್ತಿತ್ತು. ಬುಟ್ಟಿ ನಮ್ಮಿಬ್ಬರ ನಡುವೆ ಇತ್ತು. ಅವ್ವ ಗಾಡಿಯ ಇನ್ನೊಂದು ತುದಿಗೆ ಬೆನ್ನು ಹಾಕಿ ಕೂತಿದ್ದಳು. ಊರ ಹೊರಗಿನ ಸುಂಕದ ನಾಕಾದಲ್ಲಿ ನಿಜಾಮರ ಪಟ್ಟಿ ತೊಟ್ಟ ಜವಾನ ಬುಟ್ಟಿಯ ಅರಿವೆ ಎತ್ತಿ ನೋಡಿ, ಆಮೇಲೆ ಅವ್ವನ ಹಣೆಯ ವಿಭೂತಿ ನೋಡಿದ.

“ಏನ್ರೀ ಅವ್ವಾರ, ಯಾವಾಗಿಂದ ಚಾಲೂ ಆತು ಇದು?”

“ಮಂದೀವು,” ಎಂದಳು ಅವ್ವ, ಸೆರಗು ಎಳೆದುಕೊಂಡು. ಗಾಡಿ ಹೊಡೆಯುವವನು ನಕ್ಕ.

ಕಮಲಾಪುರದಲ್ಲಿ ಜುಲೇಖಾಳ ಮನೆಗೆ ಬೀಗ ಬಿದ್ದಿತ್ತು. ಗಂಡನ ತಂಗಿಯ ಮದುವೆಗೆ ಎಲ್ಲರೂ ಬೀದರಿಗೆ ಹೋಗಿದ್ದಾರೆ, ಬರುವುದು ಮೂರು ವಾರವಾಗುತ್ತದೆ ಎಂದು ಎದುರು ಮನೆಯವರು ಹೇಳಿದರು. ಹೀಗೆ ಹದಿಮೂರು ಕೋಳಿಮರಿಗಳು ಆಯಿಯ ಮನೆಗೆ ಬಂದವು. ಆಯಿ ಎಂದರೆ ಅವ್ವನ ತಾಯಿ. ಲಿಂಗಪೂಜೆ ಮಾಡದೆ ಬಾಯಲ್ಲಿ ಹನಿ ನೀರು ಹಾಕಿಕೊಳ್ಳದವಳು. ಉಳ್ಳಾಗಡ್ಡಿಯನ್ನೂ ಸೋಮವಾರ ಮುಟ್ಟದವಳು. ಬಾಗಿಲಲ್ಲಿ ನಿಂತು ಬುಟ್ಟಿ ನೋಡಿದಳು.

“ಇಲ್ಲೀತನ ನನ್ನ ಮನ್ಯಾಗ ಕೋಳಿ ಕೂಗಿದ್ದಿಲ್ಲ.”

“ಇವು ಕೂಗಂಗಿಲ್ಲ ಆಯಿ. ಚಿಂವ್ ಅಂತಾವ ಅಷ್ಟ,” ಎಂದಳು ಅಕ್ಕ.

“ಬಾಯಿ ನೋಡು ಇದರದು,” ಎಂದಳು ಆಯಿ, ಅವ್ವನ ಕಡೆ ತಿರುಗಿ. “ಕೊಟ್ಟಿಗ್ಯಾಗ ಇಡ್ರಿ. ಮುಟ್ಟಿದ ಕೈ ತೊಳಕೊಂಡು ಒಳಗ ಬರ್ರಿ. ಅಡಗಿಮನಿ ಕಡಿ ಒಂದು ಪುಕ್ಕ ಹಾರಿ ಬಂದ್ರೂ ಇಬ್ಬರನ್ನೂ ಊರಿಗಿ ಕಳಸ್ತೀನಿ.”

ಆ ಮನೆಯಲ್ಲಿ ಯಾರಿಗೂ ಮರಿ ಸಾಕುವುದು ಗೊತ್ತಿರಲಿಲ್ಲ. ಗೊತ್ತಿದ್ದವನು ಆಯಿಯ ಹೊಲ ನೋಡಿಕೊಳ್ಳುತ್ತಿದ್ದ ಮುದುಕ ಭೀಮಣ್ಣ. ಅವನು ಹಗಲು ಊಟಕ್ಕೆ ಬಂದಾಗ ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತು, ರೊಟ್ಟಿ ಮುರಿಯುತ್ತ ನಮಗೆ ಒಂದೊಂದಾಗಿ ಹೇಳಿಕೊಟ್ಟ. ಒಂದು ಸಣ್ಣ ಗಡಿಗೆಯಲ್ಲಿ ಒಲೆಯ ಬಿಸಿ ಬೂದಿ ತುಂಬಿ, ಕಂಬಳಿಯ ತುಂಡು ಸುತ್ತಿ ಬುಟ್ಟಿಯ ನಡುವೆ ಇಡಬೇಕು. ಮರಿಗಳು ಅದನ್ನೇ ತಾಯಿ ಎಂದು ತಿಳಿದು ಸುತ್ತ ಒತ್ತಿಕೊಂಡು ಮಲಗುತ್ತವೆ. ನೀರಿನ ಬಟ್ಟಲಲ್ಲಿ ಹರಳುಕಲ್ಲು ಹಾಕಬೇಕು, ಇಲ್ಲದಿದ್ದರೆ ಒಳಗೆ ಬಿದ್ದು ತೊಯ್ದು ಚಳಿಗೆ ಸಾಯುತ್ತವೆ. ಜೋಳವನ್ನು ರವೆಯಷ್ಟು ಸಣ್ಣಗೆ ನುಚ್ಚು ಮಾಡಬೇಕು. ಒಡೆದ ಗಡಿಗೆಯಲ್ಲಿ ಸಗಣಿ, ಜೋಳದ ಕಣಿಕೆಯ ಚೂರು ತುಂಬಿ ಹೊಲದ ಬದುವಿನಲ್ಲಿ ಬೋರಲು ಹಾಕಿಬಂದರೆ ಮರುದಿನಕ್ಕೆ ಅದರ ತುಂಬ ಗೆದ್ದಲು ಹತ್ತಿರುತ್ತದೆ. ಅದನ್ನು ತಂದು ಕೊಡವಿದರೆ ಮರಿಗಳಿಗೆ ಹಬ್ಬ. ಹಿಂಭಾಗದಲ್ಲಿ ಹಿಕ್ಕೆ ಮೆತ್ತಿ ಗಟ್ಟಿಯಾದರೆ ಬೆಚ್ಚನೆಯ ನೀರಲ್ಲಿ ಅರಿವೆ ಅದ್ದಿ ಒರೆಸಬೇಕು, ಎಳೆಯಬಾರದು. ಬೆಳಗಿನ ಬಿಸಿಲಿಗೆ ಅಂಗಳಕ್ಕೆ ಬಿಟ್ಟಾಗ ಒಬ್ಬರು ಮರಿಗಳನ್ನು, ಇನ್ನೊಬ್ಬರು ಆಕಾಶವನ್ನು ನೋಡುತ್ತಿರಬೇಕು, ಹದ್ದಿಗಾಗಿ. ಆಕಾಶ ನೋಡುವ ಕೆಲಸ ಯಾವಾಗಲೂ ನನ್ನದಾಗಿತ್ತು.

ಎರಡೇ ದಿನದಲ್ಲಿ ಅಕ್ಕನಿಗೆ ಅವುಗಳ ಕೂಗಿನ ಅರ್ಥ ಹತ್ತಿತು. ಚಳಿಯಾದರೆ ಒಂದೇ ಸಮನೆ ಚುಚ್ಚುವಂಥ ಕೂಗು, ಹೊಟ್ಟೆ ತುಂಬಿ ಬೆಚ್ಚಗಿದ್ದರೆ ಬಾಯಿ ತೆರೆಯದೆ ನಡುಗುವಂಥ ಸಣ್ಣ ದನಿ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಕೂತವಳು, “ಬೂದಿ ಆರೇದ,” ಎಂದು ಎದ್ದು ಹೋಗುತ್ತಿದ್ದಳು. ಹೋಗಿ ನೋಡಿದರೆ ಗಡಿಗೆ ತಣ್ಣಗಾಗಿರುತ್ತಿತ್ತು. ಒಂದು ಮರಿಗೆ ಬಲಗಾಲಿನ ಬೆರಳು ಸೊಟ್ಟ ಇತ್ತು. ಅದು ಯಾವಾಗಲೂ ಹಿಂದೆ ಬೀಳುತ್ತಿತ್ತು. ಅಕ್ಕ ಅದಕ್ಕೆ ಬೇರೆಯಾಗಿ ಅಂಗೈಯಲ್ಲಿ ನುಚ್ಚು ಹಿಡಿಯುತ್ತಿದ್ದಳು.

ಮರಿಗಳಿಗೆ ಹತ್ತು ದಿನವಾಗಿರಬೇಕು, ರೆಕ್ಕೆಯ ಅಂಚಿನಲ್ಲಿ ನಿಜವಾದ ಪುಕ್ಕ ಮೂಡತೊಡಗಿತ್ತು. ಭೀಮಣ್ಣ ಒಂದನ್ನು ಎತ್ತಿ ಎದೆಯ ಮೂಳೆ ಮುಟ್ಟಿ ನೋಡಿದ.

“ಭಾಳ ಛಲೋ ಬೆಳಸೀರಿ. ಬಾಣಂತಿಗಿ ಸಾರು ಅಂದ್ರ ಇಂಥಾ ಕೋಳೀದs ಆಗಬೇಕು. ನಾಲ್ಕು ಹುಂಜ ಅದಾವ ಇದರಾಗ, ಅವು ಮೊದಲ ಹೋಗ್ತಾವ.”

“ಎಲ್ಲಿಗಿ ಹೋಗ್ತಾವ?” ಎಂದು ಕೇಳಿದವಳು ಅಕ್ಕ.

ಭೀಮಣ್ಣ ನಮ್ಮಿಬ್ಬರ ಮುಖ ನೋಡಿ, ಮರಿಯನ್ನು ಮೆಲ್ಲನೆ ಕೆಳಗಿಟ್ಟ. “ನಿಮ್ಮಂಥೋರ ಮುಂದ ನಾ ಯಾಕ ಬಾಯಿ ಬಿಟ್ನೆವ್ವ,” ಎಂದು ಹೊಲಕ್ಕೆ ಎದ್ದುಹೋದ. ಖಾಲಾ ಕಿಂಡಿಯಲ್ಲಿ ನಿಂತು ‘ತಯಾರ ಆಗ್ತಾವ’ ಎಂದಾಗ ನಾವಿಬ್ಬರೂ ಕೇಳಿದ್ದೆವು. ಏನಕ್ಕೆ ತಯಾರು ಎಂದು ಯೋಚಿಸಿರಲಿಲ್ಲ.

ಮರುದಿನ ಸೋಮವಾರ. ಆಯಿ ಪೂಜೆ ಮುಗಿಸಿ ಎದ್ದಮೇಲೆ ಅಕ್ಕ ದೇವರ ಜಗಲಿಯಿಂದ ವಿಭೂತಿ ಗಟ್ಟಿಯ ಒಂದು ತುಂಡು ತಂದಳು. ಅದನ್ನು ಕಡಲೆಯಷ್ಟು ಚೂರುಗಳಾಗಿ ಮುರಿದು, ಬಿಳಿ ಅರಿವೆಯ ತುಣುಕಿನಲ್ಲಿ ಒಂದೊಂದನ್ನೂ ಕಟ್ಟಿದಳು. ಅಪ್ಪನ ಅಂಗಡಿಯ ದಾರ ನಮ್ಮ ಬಟ್ಟೆಯ ಗಂಟಿನಲ್ಲಿ ಇದ್ದೇ ಇರುತ್ತಿತ್ತು. ನಾನು ಮರಿಗಳನ್ನು ಒಂದೊಂದಾಗಿ ಹಿಡಿದೆ, ಅಕ್ಕ ಕೊರಳಿಗೆ ಕಟ್ಟಿದಳು. ಕಟ್ಟುವಾಗ ಅಯ್ಯನವರು ಕೂಸಿನ ಕಿವಿಯಲ್ಲಿ ಹೇಳುವಂತೆ ಹೇಳಬೇಕೆಂದು ಮರಿಯ ಕಿವಿ ಹುಡುಕಿದಳು. ಕಣ್ಣಿನ ಹಿಂದೆ ತುಪ್ಪಳದೊಳಗೆ ಒಂದು ಸಣ್ಣ ತೂತು ಸಿಕ್ಕಿತು. ಅಲ್ಲಿ ಬಾಯಿಟ್ಟು ಹದಿಮೂರು ಸಲ ‘ಓಂ ನಮಃ ಶಿವಾಯ’ ಎಂದಳು.

“ಇನ್ನ ಇವು ನಮ್ಮವು,” ಎಂದಳು. “ಲಿಂಗ ಕಟ್ಟಿದವರನ್ನ ಯಾರೂ ತಿನ್ನಂಗಿಲ್ಲ.”

ನನಗೆ ಅದು ಪೂರ್ತಿ ಸರಿಯಾಗಿ ಕಂಡಿತು.

ಮಧ್ಯಾಹ್ನ ಅವ್ವನ ಕಣ್ಣಿಗೆ ಬಿತ್ತು. ಅವ್ವ ಆಯಿಯನ್ನು ಕರೆದಳು. ಹದಿಮೂರು ಮರಿಗಳು ಕೊರಳಲ್ಲಿ ಬಿಳಿ ಗಂಟು ಹಾಕಿಕೊಂಡು ಆಯಿಯ ಕಾಲ ಸುತ್ತ ನುಚ್ಚು ಹೆಕ್ಕಿದವು. ನಾವು ಏಟಿಗೆ ಸಿದ್ಧವಾಗಿ ಗೋಡೆಗೆ ಅಂಟಿ ನಿಂತಿದ್ದೆವು.

“ಕಡದ ಹಾಕವ್ವಾ,” ಎಂದಳು ಅವ್ವ. “ಅದೇನ ಲಿಂಗಲ್ಲ, ಇಬತ್ತಿ ಚೂರು.”

“ಲಿಂಗಲ್ಲಂತ ನನಗ ಗೊತ್ತಿಲ್ಲೇನ? ಕತ್ತರಿ ತಗೋ, ನೀನs ಕಡಿ.”

ಅವ್ವ ಕತ್ತರಿ ತಂದಳು. ಸೆರಗಿನಲ್ಲಿ ಕೈ ಮುಚ್ಚಿಕೊಂಡು ಒಂದು ಮರಿಯನ್ನು ಹಿಡಿದಳು. ಕತ್ತರಿಯನ್ನು ದಾರದವರೆಗೆ ಒಯ್ದು ನಿಲ್ಲಿಸಿದಳು. ಆಮೇಲೆ ಮರಿಯನ್ನೂ ಕತ್ತರಿಯನ್ನೂ ಕೆಳಗಿಟ್ಟಳು.

“ಇವತ್ತ ಸೋಮವಾರ. ನಾಳಿ ನೋಡೂಣು.”

“ಹೂಂ, ನಾಳಿ,” ಎಂದಳು ಆಯಿ. ಆ ನಾಳೆ ಬರಲೇ ಇಲ್ಲ. ಮಂಗಳವಾರ ಆಯಿಗೆ ಮಂಡಿನೋವು ಬಂತು, ಬುಧವಾರ ಅವ್ವನಿಗೆ ಕತ್ತರಿ ಸಿಗಲಿಲ್ಲ. ಕತ್ತರಿ ಗೋಡೆಯ ಗೂಡಿನಲ್ಲೇ ಇತ್ತು, ಎಲ್ಲರೂ ನೋಡಿದ್ದೆವು. ಅದು ಲಿಂಗವಲ್ಲ ಎಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಆದರೆ ಆ ಹೆಸರಿನಲ್ಲಿ ಕಟ್ಟಿದ ದಾರವನ್ನು ಕಡಿಯುವ ಕೈ ಯಾರಿಗೂ ಇರಲಿಲ್ಲ. ಕೊನೆಗೆ ಆಯಿ ಅಕ್ಕನನ್ನು ಕರೆದು, ಕಟ್ಟಿದ್ದು ಕಟ್ಟಿದಿ, ಇನ್ನು ದಿನಾ ನೋಡಿ ಸಡಿಲ ಮಾಡುತ್ತಿರು, ಬೆಳೆಯುವ ಜೀವ ಎಂದಳು. ಅಪ್ಪನ ಅಳತೆ ನಮಗೆ ಗೊತ್ತೇ ಇತ್ತು. ಅಕ್ಕನ ಬೆರಳು ಮರಿಯ ಕೊರಳಿಗೆ ದಪ್ಪವಾಗುತ್ತಿತ್ತು. ದಿನಾ ಬೆಳಿಗ್ಗೆ ಹದಿಮೂರೂ ದಾರಗಳ ಕೆಳಗೆ ಕಿರುಬೆರಳು ತೂರಿಸಿ ನೋಡುವ ಕೆಲಸ ನನಗೆ ಬಂತು. ಬಿಗಿಯೆನಿಸಿದ್ದನ್ನು ನಾನು ಹೇಳುತ್ತಿದ್ದೆ, ಅಕ್ಕ ಗಂಟು ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು.

ನಾಲ್ಕೈದು ದಿನ ನಾನು ಅದನ್ನು ಶ್ರದ್ಧೆಯಿಂದ ಮಾಡಿದೆ. ಆಮೇಲೆ ಒಂದು ದಿನ ಊಟಕ್ಕೆ ಕೂತಾಗ ಆಯಿ ಅಕ್ಕನ ತಟ್ಟೆಗೆ ಇನ್ನೊಂದು ಚಮಚ ತುಪ್ಪ ಹಾಕಿ, “ನಮ್ಮ ಶರಣಿ ಹದಿಮೂರು ಮಕ್ಕಳ ತಾಯಿ ಆಗ್ಯಾಳ,” ಎಂದಳು. ಎಲ್ಲರೂ ನಕ್ಕರು. ನನ್ನ ತಟ್ಟೆಗೆ ತುಪ್ಪ ಬರಲಿಲ್ಲ. ಆಕಾಶ ನೋಡುವವಳು ನಾನು, ಗೆದ್ದಲು ಕೊಡವುವವಳು ನಾನು, ದಾರ ನೋಡುವವಳು ನಾನು ಎಂದು ಮನಸ್ಸಿನಲ್ಲೇ ಎಣಿಸಿಕೊಂಡೆ. ಮರುದಿನ ಬೆಳಿಗ್ಗೆ ಅಕ್ಕ ಒಲೆಯ ಮುಂದೆ ಕೂತು ಗಡಿಗೆಗೆ ಬೂದಿ ತುಂಬುತ್ತ ಕೇಳಿದಳು.

“ಸಣ್ಣೀ, ದಾರ ನೋಡಿದಿ?”

“ನೋಡೀನಿ,” ಎಂದೆ.

ನೋಡಿರಲಿಲ್ಲ. ಅದರ ಮರುದಿನವೂ ಹಾಗೇ ಹೇಳಿದೆ. ಮೂರನೆಯ ದಿನ ಎಲ್ಲರೂ ಹೊಲಕ್ಕೆ ಸೀತನಿ ತಿನ್ನಲು ಹೋದೆವು. ಹಸಿ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಡಿದು, ಬೆಲ್ಲ ಕೊಬ್ಬರಿ ಕಲಸಿ ಕೊಡುತ್ತಿದ್ದರು. ಹೊರಡುವ ಗಡಿಬಿಡಿಯಲ್ಲಿ ಅಕ್ಕ ಗಾಡಿಯಿಂದಲೇ ಕೇಳಿದಳು, ನಾನು ಗಾಡಿಯಿಂದಲೇ “ನೋಡೀನಿ” ಎಂದೆ. ಆ ದಿನ ತಿಂದ ಸೀತನಿಯ ರುಚಿ ಇವತ್ತಿಗೂ ನೆನಪಿದೆ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ನಾಲ್ಕನೆಯ ಬೆಳಿಗ್ಗೆ ಬುಟ್ಟಿ ತೆರೆದಾಗ ಹನ್ನೆರಡು ಮರಿ ಎದ್ದು ಬಂದವು. ಒಂದು ಗಡಿಗೆಯ ಪಕ್ಕದಲ್ಲಿ ಕುತ್ತಿಗೆ ಚಾಚಿ ಬಿದ್ದಿತ್ತು. ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಮುಂಚೆ ಓಡಿ ಬರುತ್ತಿದ್ದದ್ದು, ಹೆಚ್ಚು ತಿಂದು ಹೆಚ್ಚು ಬೆಳೆದದ್ದು. ದಾರ ತುಪ್ಪಳದೊಳಗೆ ಹುಗಿದುಹೋಗಿತ್ತು. ನುಂಗಿದ ಕಾಳು ಕೆಳಗೆ ಇಳಿಯದೆ ದಾರದ ಮೇಲೆ ಗೋಲಿಯಂತೆ ನಿಂತಿತ್ತು. ಅಕ್ಕ ತನ್ನ ಬೆರಳು ತೂರಿಸಲು ನೋಡಿದಳು. ಉಗುರೂ ಹೋಗಲಿಲ್ಲ.

“ನಿನ್ನಿ ನೋಡಿದ್ದಿ?” ಎಂದಳು.

“ನೋಡೀನಿ.”

ಅವಳು ನನ್ನನ್ನು ನೋಡಿದಳು. ಕೋಪವಿರಲಿಲ್ಲ. ನಾನು ಹೇಳಿದ್ದು ಸುಳ್ಳೆಂದು ತಿಳಿಯಿತು, ತಿಳಿದದ್ದು ನನಗೂ ಕಂಡಿತು, ಅಷ್ಟೆ. ಅಷ್ಟರಲ್ಲಿ ಅವ್ವ ಹಾಲು ಕರೆಯಲು ಕೊಟ್ಟಿಗೆಗೆ ಬಂದಳು.

“ಯಾರು ನೋಡಬೇಕಿತ್ತು ಇವತ್ತ?” ಎಂದು ಕೇಳಿದಳು ಅವ್ವ. “ಎಣಿಸಿ ಕೊಟ್ಟಾಳ ಆಕಿ. ನಾ ಏನಂತ ಮಾರಿ ತೋರಸಲಿ?”

“ನಾನs ನೋಡಿದ್ದಿಲ್ಲ,” ಎಂದಳು ಅಕ್ಕ. “ಸಣ್ಣಿ ದಿನಾ ನೋಡ್ತಿದ್ಲು. ನಾಕು ದಿನದಿಂದ ನಾ ನೋಡ್ತೀನಿ ಅಂದಿದ್ದೆ.”

ಅವ್ವ ಅವಳ ಬೆನ್ನಿಗೆ ಎರಡು ಏಟು ಕೊಟ್ಟಳು. ಅವ್ವ ನಮ್ಮನ್ನು ಹೊಡೆದದ್ದು ಕಡಿಮೆ, ಅದಕ್ಕೇ ಎರಡೂ ನೆನಪಿವೆ. ಅಕ್ಕ ಅಳಲಿಲ್ಲ. ನಾನು ಕಂಬದ ಹತ್ತಿರ ನಿಂತಿದ್ದೆ. ಬಾಯಿ ತೆರೆಯಲು ಸಾಕಷ್ಟು ಸಮಯವಿತ್ತು. ತೆರೆಯಲಿಲ್ಲ.

ಆಮೇಲೆ ನಾವಿಬ್ಬರೂ ಹಿತ್ತಲಲ್ಲಿ ಬಾಳೆಯ ಪಾತಿಯ ಪಕ್ಕ ಕುಣಿ ತೋಡಿದೆವು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತಾರೆ. ಅಕ್ಕ ಕುಣಿಯ ಗೋಡೆಯಲ್ಲಿ ಗೂಡಿನಂತೆ ಕೊರೆದು ಮರಿಯನ್ನು ಅದರಲ್ಲಿ ಕೂರಿಸಿದಳು. ಅದು ಮತ್ತೆ ಮತ್ತೆ ವಾಲುತ್ತಿತ್ತು. ಎರಡೂ ಕಡೆ ಮಣ್ಣಿನ ಹೆಂಟೆ ಒತ್ತು ಕೊಟ್ಟಳು. ದಾರವನ್ನು ಬಿಚ್ಚಲು ಹೋಗಿ, ಬಿಚ್ಚದೆ ಬಿಟ್ಟಳು.

ಜುಲೇಖಾ ಬೀದರಿನಿಂದ ಬಂದದ್ದು ಅದಾದ ಮೂರನೆಯ ದಿನ. ಹೊಟ್ಟೆ ಆಗ ಸ್ವಲ್ಪ ಕಾಣುತ್ತಿತ್ತು. ಕೊಟ್ಟಿಗೆಯ ಬಾಗಿಲಲ್ಲಿ ಕೂತು ಬುಟ್ಟಿಯನ್ನು ಹತ್ತಿರ ಎಳೆದುಕೊಂಡಳು. ಅಕ್ಕ ಅವಳ ಮುಂದೆ ನಿಂತು, ಹದಿಮೂರು ಇದ್ದವು, ಒಂದು ನನ್ನ ಕೈಯಿಂದ ಸತ್ತಿತು ಎಂದಳು.

“ನಮ್ಮ ಅಮ್ಮ ಸಾಕಿದ್ರ ಆರು ಉಳೀತಿದ್ದಿಲ್ಲ,” ಎಂದಳು ಜುಲೇಖಾ. “ಇದೇನು ಕೊರಳಾಗ, ತಾಯತಾ?”

ನಡೆದದ್ದನ್ನು ಆಯಿಯೇ ಹೇಳಿದಳು. ಜುಲೇಖಾ ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ.

“ಕತ್ತರಿ ಕೊಡ್ರಿ ಆಯಿ. ನಾ ಕಡೀತೀನಿ. ನಿಮ್ಮ ದೇವರು ನನಗ ಏನೂ ಅನ್ನಂಗಿಲ್ಲ.”

ಹನ್ನೆರಡು ದಾರ ಕಡಿಯಲು ಅವಳಿಗೆ ಹನ್ನೆರಡು ಕ್ಷಣ ಸಾಕಾಯಿತು. ಬಿದ್ದ ಚೂರುಗಳನ್ನು ಒಂದೊಂದಾಗಿ ಹೆಕ್ಕಿ ಆಯಿಯ ಸೆರಗಿಗೆ ಹಾಕಿದಳು. ಆಮೇಲೆ ಅಕ್ಕನ ಕೈ ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು.

“ಸುಳ್ಳ ಹೇಳಂಗಿಲ್ಲ ಶರಣಮ್ಮ. ನಮ್ಮ ಮನ್ಯಾಗ ತಿಂತೀವಿ. ಖರೇ, ಒಂದು ನಿನ್ನ ಹೆಸರೀಲಿ ಬಿಡ್ತೀನಿ. ಯಾವುದು ಹೇಳು.”

ಅಕ್ಕ ಸೊಟ್ಟ ಬೆರಳಿನದನ್ನು ತೋರಿಸಿದಳು. ಅದು ಹೇಂಟೆಯಾಯಿತು. ಜುಲೇಖಾ ಮಾತು ಉಳಿಸಿಕೊಂಡಳು. ನಾವು ಕಮಲಾಪುರಕ್ಕೆ ಹೋದಾಗಲೆಲ್ಲ, ಅವಳ ಮಗ ಓಡಾಡುವಷ್ಟು ದೊಡ್ಡವನಾದ ಮೇಲೂ, ಆ ಕೋಳಿ ಅವರ ಅಂಗಳದಲ್ಲಿ ಕುಂಟುತ್ತಿತ್ತು. ಅಕ್ಕ ಅದನ್ನು ನೋಡಲು ಹೋಗುತ್ತಿದ್ದಳು. ನಾನು ಹೋಗುತ್ತಿರಲಿಲ್ಲ.

ಅಕ್ಕ ಆ ವಿಷಯವನ್ನು ಯಾರಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ಜಗಳವಾಡಿದಾಗ ಎತ್ತಿ ಆಡಲಿಲ್ಲ. ನಾವು ಸಾಕಷ್ಟು ಜಗಳವಾಡಿದ್ದೇವೆ, ಆಡಬಹುದಾಗಿತ್ತು. ನನಗೆ ಸುಳ್ಳು ಹೇಳುವುದು ಆಮೇಲೆ ಕಷ್ಟವಾಯಿತು, ಅದನ್ನು ಜನ ಒಳ್ಳೆಯ ಗುಣ ಎಂದು ತಿಳಿದರು. ಎರಡು ವರ್ಷದ ಹಿಂದೆ ಅವಳ ಮನೆಯಲ್ಲಿ ಜೋಳ ಹಸನು ಮಾಡುತ್ತ ಕೂತಾಗ ನಾನೇ ಬಾಯಿ ತೆರೆದೆ.

“ಅಕ್ಕಾ, ಆ ಮರಿ ದಾರ ನಾ ನೋಡಿದ್ದಿಲ್ಲ.”

“ಯಾವ ಮರಿ?” ಎಂದಳು ಮೊರದಲ್ಲಿ ಕೇರುತ್ತ. ಮರೆತಿದ್ದಳೋ ಏನೋ. ಮುಖದಲ್ಲಿ ಏನೂ ಕಾಣಲಿಲ್ಲ. ಕಾಳಿನೊಳಗಿಂದ ಒಂದು ಕಲ್ಲು ಹೆಕ್ಕಿ ಎಸೆದು, “ಹರಳು ಭಾಳ ಅದಾವ ಈ ಸಲ,” ಎಂದಳು.

ಅವಳು ಹೋದ ದಿನ ನಾನು ಮನೆ ಮುಟ್ಟುವ ಹೊತ್ತಿಗೆ ಮೈತೊಳೆದು, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂರಿಸಿದ್ದರು. ಹಳೆಯ ದಾರ ಜೀರ್ಣವಾಗಿತ್ತೆಂದು ಅಕ್ಕನ ಸೊಸೆ ಹೊಸ ಶಿವದಾರ ಹಾಕಿದ್ದಳು. ಅಂಗಡಿಯಿಂದ ತಂದ ದಾರ, ಹುರಿ ಸಾಲದು. ಕೊರಳ ಹತ್ತಿರ ಗಿಡ್ಡವಾಗಿ ಗಂಟು ಬಿದ್ದಿತ್ತು. ಎಲ್ಲರೂ ಸಾಲಾಗಿ ಬಂದು ಪಾದ ಮುಟ್ಟಿ ಹೋಗುತ್ತಿದ್ದರು. ನನ್ನ ಪಾಳಿ ಬಂದಾಗ ನಾನು ಪಾದ ಮುಟ್ಟಿ, ಎದ್ದು, ದಾರದ ಕೆಳಗೆ ಕಿರುಬೆರಳು ತೂರಿಸಿದೆ. ಬಿಗಿ ಇತ್ತು. ಗಂಟು ಬಿಚ್ಚಿ, ಇನ್ನೊಂದಿಷ್ಟು ಬಿಟ್ಟು ಕಟ್ಟಿದೆ. ಮತ್ತೊಮ್ಮೆ ಬೆರಳು ಹಾಕಿದೆ. ಹೋಯಿತು.

“ಏನಾತ್ರಿ ಸಣ್ಣತ್ತಿ?” ಎಂದಳು ಸೊಸೆ, ಹಿಂದೆ ನಿಂತವರಿಗೆ ತಡವಾಗುತ್ತಿತ್ತು.

“ಏನಿಲ್ಲವಾ. ದಾರ ನೋಡೀನಿ,” ಎಂದೆ. ಈ ಸಲ ನೋಡಿದ್ದೆ.